‘ರಿವರ್ಬರೇಟ್’: ಅರ್ಥ ಮತ್ತು ಬಳಕೆ

ಇಂಗ್ಲಿಷಿನ ‘ರಿವರ್ಬರೇಟ್’ ಕ್ರಿಯಾಪದಕ್ಕೆ ಸಾಮಾನ್ಯವಾಗಿ ‘ಪ್ರತಿಧ್ವನಿಸು’ ಎಂದು ಅರ್ಥ ಹೇಳುತ್ತಾರೆ. ‘ಎಕೋ’ ಪದಕ್ಕೂ ಅದೇ ಅರ್ಥ ಹೇಳುವುದರಿಂದ ಮಕ್ಕಳು ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದುಬಿಡುತ್ತಾರೆ. ಆದರೆ ಇವೆರಡೂ ಒಂದೇ ಅಲ್ಲ.

ಮೂಲ: ಇದು ಲ್ಯಾಟಿನ್ ಭಾಷೆಯಿಂದ ಬಂದ ಪದ. ‘ರೆ’ ಎಂದರೆ ಹಿಂದಕ್ಕೆ, ‘ವೆರ್ಬೆರಾರೆ’ ಎಂದರೆ ಹೊಡೆಯುವುದು. ಗೋಡೆಗೆ ತಾಗಿದ ಶಬ್ದ ಹಿಂದಕ್ಕೆ ಬಡಿದು ಬರುವುದು ಎಂಬ ಭಾವ. ಉಚ್ಚರಿಸುವಾಗ ‘ವರ್’ ಮೇಲೆ ಒತ್ತು ಕೊಡಬೇಕು.

ವ್ಯತ್ಯಾಸ: ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎದುರಿನ ಬಂಡೆ 17 ಮೀಟರಿಗಿಂತ ದೂರವಿದ್ದರೆ ನಮ್ಮ ಕೂಗು ಹೋಗಿ ಬರಲು ಸೆಕೆಂಡಿನ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೊತ್ತು ಬೇಕು. ಆಗ ಮರಳಿದ ದನಿ ಬೇರೆಯಾಗಿ ಕೇಳುತ್ತದೆ. ಅದು ಎಕೋ, ಅಂದರೆ ಪ್ರತಿಧ್ವನಿ ಅಥವಾ ಮಾರ್ದನಿ. ಗೋಡೆಗಳು ಹತ್ತಿರವಿದ್ದರೆ ಮರಳಿದ ದನಿಗಳು ಒಂದರೊಳಗೊಂದು ಬೆರೆತು ಗುಂಯ್‌ಗುಡುತ್ತವೆ. ಅದಕ್ಕೆ ಕನ್ನಡದಲ್ಲಿ ‘ಅನುರಣನ’ ಎನ್ನುತ್ತಾರೆ. ಸಾಮಾನು ತುಂಬದ ಹೊಸ ಮನೆಯಲ್ಲಿ ಮಾತಾಡಿದಾಗ ಆಗುವುದು ಇದೇ. ಬಟ್ಟೆಬರೆ, ಹಾಸಿಗೆ ಬಂದ ಮೇಲೆ ಅವು ಶಬ್ದವನ್ನು ಹೀರಿಕೊಂಡು ಅದು ತಗ್ಗುತ್ತದೆ.

ವಿಜಯಪುರದ ಗೋಳಗುಮ್ಮಟ ನೋಡಿದವರಿಗೆ ಎರಡೂ ಗೊತ್ತು. ಮೇಲಿನ ಮೊಗಸಾಲೆಯಲ್ಲಿ ಒಬ್ಬರೇ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಬಿಡಿಬಿಡಿಯಾಗಿ ಕೇಳುತ್ತದೆ. ಪ್ರವಾಸ ಬಂದ ಶಾಲಾಮಕ್ಕಳೆಲ್ಲ ಒಟ್ಟಿಗೆ ಕೂಗಿದರೆ ಗುಮ್ಮಟವೇ ಮೊಳಗುತ್ತದೆ. ಎಣಿಸಲು ಬಂದರೆ ಎಕೋ, ಎಣಿಸಲು ಬಾರದಿದ್ದರೆ ರಿವರ್ಬರೇಟ್ ಎಂದು ನೆನಪಿಟ್ಟುಕೊಳ್ಳಬಹುದು.

ಬಳಕೆ:
1. ಶಬ್ದಕ್ಕೆ: ‘ದ ಡ್ರಮ್ಸ್ ರಿವರ್ಬರೇಟೆಡ್ ಥ್ರೂ ದ ವ್ಯಾಲಿ’. ಕಣಿವೆಯ ತುಂಬ ಡೋಲಿನ ಸದ್ದು ಮೊಳಗಿತು.
2. ಜಾಗಕ್ಕೆ: ‘ದ ಹಾಲ್ ರಿವರ್ಬರೇಟೆಡ್ ವಿತ್ ಅಪ್ಲಾಸ್’. ಚಪ್ಪಾಳೆಯಿಂದ ಸಭಾಂಗಣ ಮೊಳಗಿತು. ಇಲ್ಲಿ ‘ವಿತ್’ ಬೇಕು.
3. ಪರಿಣಾಮಕ್ಕೆ: ‘ದ ಡಿಸಿಷನ್ ಆಫ್ 1956 ಸ್ಟಿಲ್ ರಿವರ್ಬರೇಟ್ಸ್ ಇನ್ ಬಾರ್ಡರ್ ವಿಲೇಜಸ್’. 1956ರ ರಾಜ್ಯ ಪುನರ್ವಿಂಗಡಣೆಯ ಪರಿಣಾಮ ಗಡಿಹಳ್ಳಿಗಳಲ್ಲಿ ಇನ್ನೂ ಅಡಗಿಲ್ಲ ಎಂದರ್ಥ.

ತಪ್ಪುವುದು ಎಲ್ಲಿ: ಒಬ್ಬರ ಅಭಿಪ್ರಾಯವನ್ನೇ ನಾವೂ ಹೇಳಿದೆವು ಎನ್ನಲು ‘ಐ ರಿವರ್ಬರೇಟ್ ಹಿಸ್ ಒಪೀನಿಯನ್’ ಎಂದು ಬರೆಯಬಾರದು. ಅಲ್ಲಿ ‘ಐ ಎಕೋ’ ಎಂಬುದೇ ಸರಿ. ಕನ್ನಡದ ‘ಪ್ರತಿಧ್ವನಿಸು’ ಎರಡು ಕಡೆಯೂ ನಡೆಯುವುದರಿಂದ ಈ ತಪ್ಪು ಆಗುತ್ತದೆ.

ನೆರೆಭಾಷೆ ಬಲ್ಲ ಗಡಿನಾಡಿನವರಿಗೆ ಮೂರನೆಯ ಬಳಕೆ ಕಷ್ಟವಲ್ಲ. ಜತ್ತ, ಅಕ್ಕಲಕೋಟೆಯವರು ಮರಾಠಿ ಪತ್ರಿಕೆಗಳಲ್ಲಿ ‘ಪಡಸಾದ ಉಮಟಲೇ’ ಎಂದು ಓದುತ್ತಾರೆ. ಹೊಸೂರು, ತಾಳವಾಡಿಯವರು ತಮಿಳು ಶೀರ್ಷಿಕೆಗಳಲ್ಲಿ ‘ಎದಿರೊಲಿ’ ನೋಡುತ್ತಾರೆ. ಎರಡೂ ಮೂಲದಲ್ಲಿ ಮಾರ್ದನಿಯೇ, ಸುದ್ದಿಯಲ್ಲಿ ಪರಿಣಾಮ. ಇಂಗ್ಲಿಷ್ ಪದ ಸಿಕ್ಕಾಗ ಮನೆಯ ಭಾಷೆಯ ಜೊತೆ ಪಕ್ಕದ ಭಾಷೆಯನ್ನೂ ನೆನೆದರೆ ಅರ್ಥ ಬೇಗ ಹೊಳೆಯುತ್ತದೆ.