ಎಸ್‌ಟಿಟಿವೈ

ಯುನಿಕ್ಸ್, ಲಿನಕ್ಸ್‌ಗಳಲ್ಲಿ ಟರ್ಮಿನಲ್‌ನ ನಡವಳಿಕೆ ತಿದ್ದುವ ಕಮಾಂಡ್ ಇದು. ಮೊದಲ ಎಸ್ ‘ಸೆಟ್’ ಎಂಬುದರದು. ಉಳಿದ ಟಿಟಿವೈ ‘ಟೆಲಿಟೈಪ್’ನ ಮೊಟಕು ರೂಪ. ಗ್ರೀಕಿನಲ್ಲಿ ‘ಟೆಲಿ’ ಎಂದರೆ ದೂರ. ಹಿಂದೆ ನಮ್ಮ ಪತ್ರಿಕಾ ಕಚೇರಿಗಳಲ್ಲಿ ಕಟಕಟ ಎನ್ನುತ್ತಿದ್ದ ಟೆಲಿಪ್ರಿಂಟರ್‌ನ ದಾಯಾದಿ ಅದು.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಹುಟ್ಟಿದ ಕಾಲಕ್ಕೆ ಕಂಪ್ಯೂಟರಿನ ಜೊತೆ ಮಾತಾಡಲು ಇಂಥ ಯಂತ್ರಗಳು ಬಳಕೆಯಲ್ಲಿದ್ದವು. ಹೆಸರಾಂತ ‘ಮಾಡೆಲ್ 33’ ಸೆಕೆಂಡಿಗೆ ಬರೀ 10 ಅಕ್ಷರ ಅಚ್ಚು ಹಾಕುತ್ತಿತ್ತು, ಅದೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಮಾತ್ರ. ಯಂತ್ರ ಗುಜರಿ ಸೇರಿತು, ಹೆಸರು ಉಳಿಯಿತು. ಇಂದಿಗೂ ಲಿನಕ್ಸ್‌ನಲ್ಲಿ ‘ಎಸ್‌ಟಿಟಿವೈ -ಎ’ ಎಂದು ಕೊಟ್ಟರೆ ಮೊದಲ ಸಾಲಿನಲ್ಲೇ ವೇಗ ಸಾಮಾನ್ಯವಾಗಿ 38400 ಬಾಡ್ ಎಂದು ಕಾಣುತ್ತದೆ. ತಂತಿಯೇ ಇಲ್ಲದ ಟರ್ಮಿನಲ್ ಕಿಟಕಿಗೆ ಎಂಥ ವೇಗವೋ! ‘ಬಾಡ್’ ಕೂಡ ಬಾಡೊ ಎಂಬ ಫ್ರೆಂಚ್ ತಂತಿತಜ್ಞನ ಹೆಸರಿನ ತುಂಡು.

ಪಾಸ್‌ವರ್ಡ್ ಮರೆಮಾಡಲು ಸ್ಕ್ರಿಪ್ಟ್ ಬರೆಯುವವರು ‘ಎಸ್‌ಟಿಟಿವೈ -ಎಕೋ’ ಕೊಡುತ್ತಾರೆ: ಪ್ರತಿಧ್ವನಿ ಬಂದ್. ಆ ಸ್ಕ್ರಿಪ್ಟ್ ನಡುವೆಯೇ ಸತ್ತರೆ, ಒತ್ತಿದ್ದು ಯಾವುದೂ ಪರದೆಯಲ್ಲಿ ಮೂಡುವುದಿಲ್ಲ. ಆಗ ಗಾಬರಿಯಾಗಿ ಕಿಟಕಿ ಮುಚ್ಚಬೇಡಿ. ಕುರುಡಾಗಿಯೇ ‘ಎಸ್‌ಟಿಟಿವೈ ಸೇನ್’ ಎಂದು ಟೈಪಿಸಿ ಎಂಟರ್ ಒತ್ತಿ. ‘ಸೇನ್’ ಎಂದರೆ ಬುದ್ಧಿ ನೆಟ್ಟಗಿರುವುದು.