ಹನ್ನೆರಡು ಸಾವಿರ ಮಶಕ್ ಹೊಲಿದವರು

ರಾಯಚೂರಿನಿಂದ ಗಿಲ್ಲೆಸುಗೂರಿನ ಕಡೆ ಹೋಗುವಾಗ ಹೊಲಗಳ ನಡುವೆ ಹಳೆಯ ಬಾವಿಗಳು ಕಾಣಿಸುತ್ತವೆ. ಕೆಲವು ಮುಚ್ಚಿಹೋಗಿವೆ, ಕೆಲವಕ್ಕೆ ಮೋಟರು ಬಂದಿದೆ. ದಡದ ಮೇಲೆ ಅಲ್ಲಲ್ಲಿ ಜೋಡಿ ಕಲ್ಲುಕಂಬಗಳು ಇನ್ನೂ ನಿಂತಿವೆ. ಒಂದು ಕಾಲಕ್ಕೆ ಆ ಕಂಬಗಳ ನಡುವೆ ಗಾಲಿ, ಗಾಲಿಯ ಮೇಲೆ ಹಗ್ಗ, ಹಗ್ಗದ ತುದಿಗೆ ತೊಗಲಿನ ದೊಡ್ಡ ಚೀಲ ಇರುತ್ತಿತ್ತು. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ನೀರು ತುಂಬಿದ ಚೀಲ ಮೇಲೆ ಬರುತ್ತಿತ್ತು. ಕನ್ನಡದಲ್ಲಿ ಇದು ಕಪಲಿ, ನಮ್ಮ ಮನೆಯ ದಖನಿಯಲ್ಲಿ ಮೋಟ್. ಕಲ್ಲು ಉಳಿದಿದೆ, ಗಾಲಿ ಗುಜರಿಗೆ ಹೋಗಿದೆ, ತೊಗಲು ಮಣ್ಣಾಗಿದೆ.

ತೊಗಲಿನ ಚರಿತ್ರೆ ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕು ಇದೇ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅವರು ಉತ್ಖನನ ನಡೆಸಿದಾಗ ಅಗೇಟು, ಕಾರ್ನೀಲಿಯನ್, ಚಿಪ್ಪು ಮುಂತಾದವುಗಳಿಂದ ಮಾಡಿದ ಮಣಿಗಳು ದೊರೆತವು. ಸಾವಿರಾರು ವರ್ಷಗಳ ಹಿಂದೆ ಇಲ್ಲಿನ ಹೆಂಗಸರು ಗಂಡಸರು ಏನು ತೊಟ್ಟಿದ್ದರೆಂದು ಅವುಗಳಿಂದ ಹೇಳಬಹುದು. ಆದರೆ ಅದೇ ಜನ ದನಕರು ಸಾಕಿದವರು. ಅವರು ತೊಗಲನ್ನು ಬಳಸದೆ ಇದ್ದಿರಲಾರರು. ಮಣಿ ಪೋಣಿಸಿದ ದಾರವೂ ಬಹುಶಃ ತೊಗಲಿನ ಎಳೆಯೇ ಆಗಿದ್ದೀತು. ಮಣಿ ಮ್ಯೂಸಿಯಮ್ಮಿಗೆ ಹೋಯಿತು, ದಾರ ಕೊಳೆತುಹೋಯಿತು. ಆಭರಣ ಮಾಡಿದವನಿಗೆ ಸಿಕ್ಕ ಸಾಕ್ಷಿ ತೊಗಲು ಹದ ಮಾಡಿದವನಿಗೆ ಸಿಗಲಿಲ್ಲ.

ಆದರೂ ಒಮ್ಮೊಮ್ಮೆ ಬೇರೇನನ್ನೋ ಹೇಳಲು ಹೋದವರ ಬರಹದಲ್ಲಿ ತೊಗಲು ಇಣುಕುತ್ತದೆ. 1520ರ ಮೇ ತಿಂಗಳಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯೀಲ್ ಆದಿಲ್ ಶಾಹನಿಗೂ ನಡೆದ ಯುದ್ಧ ನಮ್ಮ ಶಾಲೆಯ ಪಾಠಗಳಲ್ಲಿದೆ. ಎಷ್ಟು ಆನೆ, ಎಷ್ಟು ಕುದುರೆ, ಯಾರು ಗೆದ್ದರು ಎಂಬಷ್ಟನ್ನು ಓದಿ ನಾವು ಪರೀಕ್ಷೆ ಬರೆದಿದ್ದೇವೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನುನೀಜ್ ಕೆಲವು ವರ್ಷಗಳ ನಂತರ ಈ ದಂಡಯಾತ್ರೆಯ ವರದಿ ಬರೆದ. 1900ರಲ್ಲಿ ರಾಬರ್ಟ್ ಸೆವೆಲ್ ಅದನ್ನು ಇಂಗ್ಲಿಷಿಗೆ ತಂದ. ಅದರಲ್ಲಿ ಸೈನ್ಯದ ಜೊತೆ ಸಾಗುತ್ತಿದ್ದ ಹನ್ನೆರಡು ಸಾವಿರ ನೀರಿನವರ ಮಾತು ಬರುತ್ತದೆ. ತೊಗಲಿನ ಚೀಲಗಳಲ್ಲಿ ನೀರು ಹೊತ್ತು ದಾರಿಯುದ್ದಕ್ಕೂ ನಿಂತು, ಯಾರೂ ಬಾಯಾರಿ ಸಾಯದಂತೆ ನೋಡಿಕೊಳ್ಳುವುದು ಅವರ ಕೆಲಸ.

ನುನೀಜ್ ಅಂಕಿಗಳನ್ನು ಉಬ್ಬಿಸಿರಬಹುದು. ಅರ್ಧ ಬಿಟ್ಟರೂ ಆರು ಸಾವಿರ ಮಶಕ್. ಒಂದು ಮಶಕ್‌ಗೆ ಒಂದು ಆಡಿನ ಇಡೀ ತೊಗಲು ಬೇಕು. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಫಿರಂಗಿಯಷ್ಟೇ ಮಶಕ್ ಕೂಡ ಆ ಯುದ್ಧಕ್ಕೆ ಬೇಕಾಗಿತ್ತು. ಕೋಟೆ ಗೆದ್ದವನ ಹೆಸರಿದೆ, ಸೋತವನ ಹೆಸರಿದೆ, ಗುಂಡು ಹಾರಿಸಿದ ಪೋರ್ಚುಗೀಸ್ ಕ್ರಿಸ್ತೊವಾವ್ ದ ಫಿಗೇರೆದೊನ ಹೆಸರೂ ಇದೆ. ಮಶಕ್ ಹೊತ್ತವರದು ಅಂಕಿ ಮಾತ್ರ ಇದೆ. ಹೊಲಿದವರದು ಅದೂ ಇಲ್ಲ.

ಮಶಕ್ ಮಾಡುವುದು ಸುಲಭದ ಕೆಲಸವಲ್ಲ. ಆಡಿನ ತೊಗಲನ್ನು ಹೊಟ್ಟೆಯ ಮೇಲೆ ಸೀಳದೆ ಅಂಗಿ ಕಳಚಿದಂತೆ ಇಡಿಯಾಗಿ ಬಿಡಿಸಬೇಕು. ಕಾಲುಗಳ ತೂತು ಕಟ್ಟಿ ಕುತ್ತಿಗೆಯನ್ನೇ ಬಾಯಿ ಮಾಡಬೇಕು. ದೊಡ್ಡ ತೊಗಲಾದರೆ ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ಮತ್ತೆ ಮತ್ತೆ ತೊಳೆದು, ಚೀಲದ ಹಾಗೆ ಹೊಲಿದು, ಒಳಗೆ ತೊಗಟೆಯ ಚೂರು ಮತ್ತು ನೀರು ತುಂಬಿ ಮರದ ಕವೆಗೆ ನೇತುಹಾಕುತ್ತಿದ್ದರು. ಒಗರು ನೀರು ತೊಗಲಿನ ರಂಧ್ರಗಳಿಂದ ತೊಟ್ಟಿಕ್ಕುತ್ತ ತಾನೇ ಹದ ಮಾಡುತ್ತ ಹೋಗುತ್ತದೆ. ಕೆಲವು ದಿನಗಳಾದ ಮೇಲೆ ತಲೆಕೆಳಗು ಮಾಡಿ ಮತ್ತೆ ತುಂಬಬೇಕು. ಕೊನೆಗೆ ಎಣ್ಣೆ. ಇದಕ್ಕೆ ಬೇಕಾದ ತೊಗಟೆ ಜಾಲಿಯದು ಅಥವಾ ತಂಗಡಿಯದು, ಜೊತೆಗೆ ಅಳಲೆಕಾಯಿ. ಆವರಿಕೆ ಎಂದೂ ಕರೆಯುವ ತಂಗಡಿಗೆ ನಮ್ಮವರು ತರ್ವಡ್ ಎನ್ನುತ್ತಾರೆ. ಬಂಜರಿನಲ್ಲಿ ತಾನೇ ಬೆಳೆದು ಹಳದಿ ಹೂ ಬಿಡುವ ಈ ಗಿಡ ಗಡಿಯಾಚೆ ತೆಲಂಗಾಣದಲ್ಲಿ ಈಗ ರಾಜ್ಯಪುಷ್ಪ. ಹೂವಿಗೆ ಸಿಕ್ಕ ಮರ್ಯಾದೆ ತೊಗಟೆ ಸುಲಿದವರಿಗೆ ಎಂದೂ ಸಿಕ್ಕಿರಲಿಲ್ಲ.

ಇಂದು ಪರಿಸರಸ್ನೇಹಿ ಎಂದು ಹೊಗಳುವ ಈ ವಿದ್ಯೆ ಹಳ್ಳಿಯಲ್ಲಿ ಆಯದ ಲೆಕ್ಕದಲ್ಲಿ ನಡೆಯುತ್ತಿತ್ತು. ಮಾದಿಗರು, ಸಮಗಾರರು ರೈತನಿಗೆ ಚಪ್ಪಲಿ, ಮಿಣಿ, ಬಾರುಕೋಲು, ಕಪಲಿಯ ಚೀಲ ಕೊಡಬೇಕು. ಸುಗ್ಗಿಯಲ್ಲಿ ರೈತ ಕಾಳು ಅಳೆದುಕೊಡುತ್ತಾನೆ. ಸತ್ತ ದನ ಹೊರುವುದೂ ಅವರ ಪಾಲಿಗೆ. ನೀರು ಎತ್ತುವ ಚೀಲ ಅವರ ಕೈಯದು, ಬಾವಿ ಮಾತ್ರ ಅವರದಲ್ಲ. ಅವರು ಹೊಲಿದ ಚೀಲದಿಂದ ಬಂದ ನೀರು ಊರಿಗೆಲ್ಲ ನಡೆಯುತ್ತಿತ್ತು, ಅವರು ಮುಟ್ಟಿದ ನೀರು ನಡೆಯುತ್ತಿರಲಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣ ಇದನ್ನೇ ಪ್ರಶ್ನಿಸಿತು. ಸಮಗಾರ ಹರಳಯ್ಯ ಮತ್ತು ಆತನ ಪತ್ನಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಕಥೆ ಎಲ್ಲರಿಗೂ ಗೊತ್ತು. ಅವರ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ತಂದದ್ದಕ್ಕೆ ತಂದೆಯರಿಬ್ಬರೂ ಪ್ರಾಣ ತೆತ್ತರು. ಮಾದಾರ ಚೆನ್ನಯ್ಯನ ವಚನಗಳ ಅಂಕಿತ ನನಗೆ ಇನ್ನೂ ಹೆಚ್ಚು ಬೆರಗು ತರುತ್ತದೆ. ದೇವರ ಹೆಸರಿನ ಜೊತೆಗೆ ಆತ ತನ್ನ ಕೈಯುಳಿ, ಕತ್ತಿ, ಅಡಿಗುಂಟಗಳನ್ನು ಸೇರಿಸಿಕೊಂಡಿದ್ದಾನೆ.

ನಾವು ಮುಸ್ಲಿಮರು ಇಲ್ಲಿ ಬೀಗಬೇಕಾಗಿಲ್ಲ. ನಮ್ಮ ಧರ್ಮದ ನಿಲುವೇನೋ ಸ್ಪಷ್ಟವಾಗಿದೆ. ಹಝ್ರತ್ ಮೈಮೂನಾ(ರ)ರ ಮನೆಯ ಸೇವಕಿಯ ಆಡೊಂದು ಸತ್ತುಬಿದ್ದಿದ್ದನ್ನು ಕಂಡ ಪ್ರವಾದಿ(ಸ)ಯವರು, ಅದರ ತೊಗಲನ್ನಾದರೂ ಹದ ಮಾಡಿ ಬಳಸಬಾರದಿತ್ತೇ ಎಂದು ಕೇಳಿದರು. ತಿನ್ನುವುದಷ್ಟೇ ನಿಷಿದ್ಧ ಎಂದರು. ಅರಬಿಯಲ್ಲಿ ದಬಾಗತ್ ಎನ್ನುವ ಈ ಹದ ಮಾಡುವಿಕೆಯಿಂದ ತೊಗಲು ಶುದ್ಧವಾಗುತ್ತದೆ ಎಂಬುದು ಫಿಕ್ಹ್ ಪುಸ್ತಕಗಳ ಮೊದಲ ಪಾಠಗಳಲ್ಲೇ ಬರುತ್ತದೆ. ಪ್ರವಾದಿಯವರು ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹಝ್ರತ್ ಆಯಿಶಾ(ರ) ಹೇಳಿದ್ದಾರೆ. ಆ ಹೊಲಿಗೆಗೆ ಅರಬಿಯಲ್ಲಿ ಖಸ್ಫ್ ಎನ್ನುತ್ತಾರೆ. ಅದೇ ಮೂಲದಿಂದ ಬಂದ ಹೆಸರು ಬಗ್ದಾದಿನ ಇಮಾಮ್ ಖಸ್ಸಾಫರದು. ಹಿಜರಿ 261, ಅಂದರೆ ಕ್ರಿ.ಶ. 874ರ ಸುಮಾರಿಗೆ ತೀರಿಕೊಂಡ ಈ ಹನಫಿ ವಿದ್ವಾಂಸರು ಚಪ್ಪಲಿ ಹೊಲಿದು ಬದುಕಿದರು. ವಕ್ಫ್ ಆಸ್ತಿಯ ನಿಯಮಗಳ ಬಗ್ಗೆ ಅವರು ಬರೆದ ಗ್ರಂಥ ಇಂದಿಗೂ ಆಧಾರ. ವಕ್ಫ್ ಬಗ್ಗೆ ವಾದ ಮಾಡುವ ನಮ್ಮವರಲ್ಲಿ ಎಷ್ಟು ಜನರಿಗೆ ಅದನ್ನು ಬರೆದದ್ದು ಒಬ್ಬ ಮೋಚಿ ಎಂದು ಗೊತ್ತಿದೆ?

ಇಷ್ಟೆಲ್ಲ ಓದಿದ ಮನೆಗಳಲ್ಲೇ ಚಪ್ಪಲಿ ಹೊಲಿಯಲು ಬಂದವರಿಗೆ ಬೇರೆ ಲೋಟ ಇರುತ್ತಿತ್ತು. ನಮ್ಮ ಮನೆಯಲ್ಲೂ ಇತ್ತು, ಬಚ್ಚಲ ಗೋಡೆಯ ಗೂಡಿನಲ್ಲಿ. ತೊಗಲು ದಬಾಗತ್‌ನಿಂದ ಪಾಕ್ ಆಗುತ್ತದೆಂದು ನನಗೆ ಕಲಿಸಿದ ಹಿರಿಯರೇ ಆ ಲೋಟವನ್ನು ಮುಟ್ಟಬೇಡ ಎಂದೂ ಕಲಿಸಿದರು. ಎರಡೂ ಪಾಠಗಳನ್ನು ನಾನು ಒಟ್ಟಿಗೇ ಕಲಿತೆ. ಅವು ಒಂದಕ್ಕೊಂದು ಹೊಂದುವುದಿಲ್ಲವೆಂದು ತಿಳಿಯಲು ಬಹಳ ವರ್ಷಗಳು ಬೇಕಾದವು.

ಕಸುಬು ಕುಸಿದದ್ದು ಒಂದೇ ದಿನದಲ್ಲಲ್ಲ. 1871ರಲ್ಲಿ ಮುಂಬಯಿ ಕಡೆಯ ರೈಲು ಮತ್ತು ಮದರಾಸಿನ ರೈಲು ರಾಯಚೂರಿನಲ್ಲಿ ಸಂಧಿಸಿದವು. ಹಸಿ ತೊಗಲು ಉಪ್ಪು ಹಚ್ಚಿಕೊಂಡು ದೂರ ಹೋಗಲು ದಾರಿಯಾಯಿತು. ಐದೇ ವರ್ಷಕ್ಕೆ, 1876ರಿಂದ 78ರವರೆಗೆ, ಭೀಕರ ಬರ. ದನಗಳು ರಾಶಿರಾಶಿಯಾಗಿ ಸತ್ತವು, ಮದರಾಸಿನಿಂದ ತೊಗಲಿನ ರಫ್ತು ಏರಿತು. ಬರ ರೈತನನ್ನು ಕೊಂದ ವರ್ಷವೇ ತೊಗಲಿನ ವ್ಯಾಪಾರಕ್ಕೆ ಸುಗ್ಗಿ. ವಾಣಿಯಂಬಾಡಿ, ಆಂಬೂರು ಕಡೆಯ ತಮಿಳು ಮುಸ್ಲಿಮ್ ವರ್ತಕರು ಈ ವ್ಯಾಪಾರದಲ್ಲಿ ದೊಡ್ಡ ಹೆಸರಾದರು. ಹದ ಮಾಡುವ ಕೆಲಸ ಊರಿನ ಮರದ ಕೊಂಬೆಯಿಂದ ಅಲ್ಲಿನ ಟ್ಯಾನರಿಗಳಿಗೆ ಸರಿಯಿತು.

ಆಮೇಲೆ ಕ್ರೋಮ್ ಬಂತು. 1903ರ ಸುಮಾರಿಗೆ ಆಲ್ಫ್ರೆಡ್ ಚಾಟರ್ಟನ್ ಮದರಾಸಿನ ಕಲಾಶಾಲೆಯಲ್ಲಿ ಕ್ರೋಮಿಯಮ್ ಲವಣದಿಂದ ತೊಗಲು ಹದ ಮಾಡುವ ಪ್ರಯೋಗ ಶುರುಮಾಡಿದ. ಆತನ ಕಣ್ಣಿದ್ದದ್ದು ಬೂಟಿನ ಮೇಲಷ್ಟೇ ಅಲ್ಲ, ರೈತರ ಕಪಲಿಯ ಚೀಲದ ಮೇಲೂ ಇತ್ತು. ನೀರಿನಲ್ಲೇ ಇರುವ ಚೀಲ ಬೇಗ ಕೊಳೆಯುತ್ತಿತ್ತು, ಕ್ರೋಮ್ ತೊಗಲು ತಡೆಯುತ್ತಿತ್ತು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಕೆಲವೇ ದಿನಕ್ಕೆ ಇಳಿಯಿತು. ಅದರ ಬೆಲೆಯನ್ನು ತಮಿಳುನಾಡಿನ ಪಾಲಾರ್ ನದಿ ತೆತ್ತಿದೆ. ಚೀಲ ಬಾಳಿಕೆ ಬರುವಂತಾದರೂ ಕಪಲಿ ಬಾಳಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಬಂತು, ಕಾಲುವೆ ಬಂತು, ಪಂಪುಸೆಟ್ಟು ಬಂತು. ಚಪ್ಪಲಿಗೆ ರಬ್ಬರು ಬಂತು, ಮಿಣಿಗೆ ನೈಲಾನು ಬಂತು.

ಇದನ್ನೆಲ್ಲ ನಷ್ಟವೆಂದೇ ಬರೆಯುವುದು ನಮ್ಮಂಥ ಕಥೆಗಾರರ ಚಟ. ಸತ್ತ ದನ ಹೊರುವುದನ್ನು ಬಿಡಿ ಎಂದು ಡಾ. ಅಂಬೇಡ್ಕರರು ಕರೆಕೊಟ್ಟದ್ದನ್ನು ನೆನೆಯಬೇಕು. ಅಪ್ಪನ ಉಳಿಯನ್ನು ಬಿಟ್ಟು ಮಾಸ್ತರರಾದವರು, ಬೆಂಗಳೂರಿಗೆ ದುಡಿಯಲು ಹೋದವರು ಕಲೆಗೆ ದ್ರೋಹ ಮಾಡಲಿಲ್ಲ. ಅವರು ಆ ಲೋಟದಿಂದ ತಪ್ಪಿಸಿಕೊಂಡರು.

ಆದರೆ ಅವರು ಬಿಟ್ಟು ಹೋದ ಮೇಲೆ ಆ ವಿದ್ಯೆಗೆ ಬೆಲೆ ಬಂದಿರುವುದನ್ನೂ ನೋಡಬೇಕು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಅದರಲ್ಲಿವೆ. ಅಥಣಿ, ನಿಪ್ಪಾಣಿ ಕಡೆ ಇಂದಿಗೂ ಆ ಕೆಲಸವಿದೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅಂಥದೇ ಚಪ್ಪಲಿಯನ್ನು ಮೂಲ ಹೇಳದೆ ಪ್ರದರ್ಶಿಸಿತು. ಗಲಾಟೆಯಾದ ಮೇಲೆ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಚರ್ಮೋದ್ಯೋಗ ನಿಗಮ ಮತ್ತು ನಮ್ಮ ಲಿಡ್ಕರ್ ಜೊತೆ ಒಪ್ಪಂದವಾಯಿತು: 2,000 ಜೋಡಿ, ಜೋಡಿಗೆ ಸುಮಾರು 800 ಯೂರೋ. ಅದೇ ವರ್ಷ ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆಯ ಅಜ್ಜಿ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 96ನೇ ವಯಸ್ಸಿನಲ್ಲಿ ಪದ್ಮಶ್ರೀ ಬಂತು. 1997ರವರೆಗೆ ಕೊಪ್ಪಳ ನಮ್ಮದೇ ಜಿಲ್ಲೆಯಾಗಿತ್ತು. ಆ ಸಂತೋಷದಲ್ಲಿ ನಮಗೂ ಒಂದು ಪಾಲಿದೆ.

ಗುರುತಿನ ಪಟ್ಟಿಯಲ್ಲಿ ರಾಯಚೂರು ಇಲ್ಲ. ಇಲ್ಲಿ ಉಳಿದಿರುವುದು ಮೊಹರಮ್ಮಿನ ಹಲಗೆ. ಮುದಗಲ್ಲಿನಲ್ಲಿ ಅಲಾಯಿ ದೇವರು ಎದ್ದಾಗ ಮುಂದೆ ಬಡಿಯುವ ಆ ಹಲಗೆಯ ತೊಗಲನ್ನು ಹದ ಮಾಡಿ ಬಿಗಿದ ಕೈ ಮಾದಿಗರದು. ಫುರಾತ್ ನದಿಯಿಂದ ಮಕ್ಕಳಿಗೆ ಮಶಕ್‌ನಲ್ಲಿ ನೀರು ತರಲು ಹೋಗಿ ಹಝ್ರತ್ ಅಬ್ಬಾಸ್(ರ) ಕೈ ಕಳೆದುಕೊಂಡ ಕಥೆಯನ್ನು ಆ ರಾತ್ರಿ ಹಾಡುತ್ತಾರೆ. ಕೇಳುವ ಮಕ್ಕಳಿಗೆ ಮಶಕ್ ಎಂದರೆ ಏನೆಂದು ಹೇಳಿಕೊಡಬೇಕು.

ಬಕ್ರೀದಿನ ಮರುದಿನ ತೊಗಲು ಸಂಗ್ರಹಿಸಿ ಮಾರಿದ ಹಣದಿಂದ ಮದರಸಾಗಳ ಎಷ್ಟೋ ಖರ್ಚು ನಡೆಯುತ್ತಿತ್ತು. ಈಗ ಕುರಿಯ ತೊಗಲಿಗೆ ಬೆಲೆ ಬಿದ್ದುಹೋಗಿದೆ. ಎಷ್ಟೋ ಕಡೆ ಉಪ್ಪು ಹಚ್ಚಿದ ಖರ್ಚೂ ಹುಟ್ಟುವುದಿಲ್ಲ, ಗುಂಡಿ ತೋಡಿ ಹೂಳುತ್ತಾರೆ. ಗಿಲ್ಲೆಸುಗೂರಿನ ದಾರಿಯ ಬಂಜರಿನಲ್ಲಿ ತಂಗಡಿ ಈ ವರ್ಷವೂ ಹೂ ಬಿಟ್ಟಿತ್ತು.