ಮುಳ್ಳುಮೀನಿನ ಹೊಟ್ಟೆಯೊಳಗೊಂದು ಬಲ್ಬು

ಪೆಸಿಫಿಕ್ ದ್ವೀಪಗಳ ವೇಷ ತೊಟ್ಟ ಅಮೆರಿಕದ ಹಳೆಯ ಟಿಕಿ ಬಾರುಗಳಲ್ಲಿ ಹೆಚ್ಚಿನವಕ್ಕೆ ಕಿಟಕಿಯೇ ಇಲ್ಲ. ಮಟಮಟ ಮಧ್ಯಾಹ್ನ ಒಳಹೊಕ್ಕರೂ ಅಲ್ಲಿ ಮುಸ್ಸಂಜೆ. ಕಣ್ಣು ಕತ್ತಲೆಗೆ ಒಗ್ಗಿಕೊಂಡ ಮೇಲೆ ಬಿದಿರಿನ ಗೋಡೆ, ಒಣಹುಲ್ಲಿನ ಸೂರು, ಹಲ್ಲು ಕಿರಿದ ಮರದ ವಿಗ್ರಹ, ಬಲೆಯಲ್ಲಿ ಸಿಕ್ಕಿಸಿಟ್ಟ ಹಸಿರು ಗಾಜಿನ ಗುಂಡುಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಇವುಗಳ ನಡುವೆ, ಎತ್ತರದ ಆಸಾಮಿಯ ತಲೆಗೆ ತಗುಲುವಂತೆ, ಮೈತುಂಬ ಮುಳ್ಳೆದ್ದ ದುಂಡು ಮೀನೊಂದು ಬಾಯಿ ಬಿಟ್ಟುಕೊಂಡು ನೇತಾಡುತ್ತಿರುತ್ತದೆ. ಬೆಳಕು ಬರುವುದು ಅದರ ಹೊಟ್ಟೆಯೊಳಗಿಂದ.

ಈ ಮೀನುದೀಪ ತಾಹಿತಿಯದೋ ಸಮೋವಾದ್ದೋ ಇರಬೇಕೆಂದು ಗಿರಾಕಿ ನಂಬಿಕೊಳ್ಳುತ್ತಾನೆ. ನಂಬಲಿ ಎಂದೇ ಅದನ್ನು ಅಲ್ಲಿ ತೂಗುಹಾಕಿರುವುದು. ಆದರೆ ಇದರ ವಂಶಾವಳಿಯನ್ನು ಕೆದಕುತ್ತ ಹೋದರೆ ಯುರೋಪಿನ ಔಷಧಿ ಅಂಗಡಿ ಸಿಗುತ್ತದೆ, ಜಪಾನಿನ ಬಂದರು ಸಿಗುತ್ತದೆ, ಹಾಲಿವುಡ್ಡಿನ ಒಂದು ಗಲ್ಲಿ ಸಿಗುತ್ತದೆ. ಪೆಸಿಫಿಕ್ ದ್ವೀಪದವರ ಕೈಯಲ್ಲೂ ಈ ಮೀನಿಗೆ ಒಂದು ಹೆಸರುವಾಸಿ ಉಪಯೋಗವಿತ್ತು, ನಿಜ. ಅದಕ್ಕೂ ದೀಪಕ್ಕೂ ಏನೇನೂ ಸಂಬಂಧವಿಲ್ಲ.

ಮೊದಲು ಮೀನಿನ ವಿಚಾರ. ಪಫರ್ ಮೀನಿನ ದೀಪ ಎಂದು ಎಲ್ಲರೂ ಕರೆದರೂ ಹೆಚ್ಚಾಗಿ ತೂಗುವುದು ಅದರ ದಾಯಾದಿಯಾದ ಮುಳ್ಳುಹಂದಿ ಮೀನು, ಶಾಸ್ತ್ರದ ಹೆಸರಿನಲ್ಲಿ ಡಯೋಡಾನ್. ಬೆಚ್ಚಗಿನ ಸಮುದ್ರ ಇರುವಲ್ಲೆಲ್ಲ ಇದು ಇದೆ. ನಮ್ಮ ಅರಬ್ಬಿ ಸಮುದ್ರದಲ್ಲೂ ಇದೆ. ದೊಡ್ಡ ಜಾತಿಯದು ಮೂರಡಿಯವರೆಗೂ ಬೆಳೆಯುತ್ತದೆ. ಶತ್ರು ಮೇಲೆರಗಿದರೆ ಗಟಗಟನೆ ನೀರು ಕುಡಿದು ಜಠರವನ್ನು ಉಬ್ಬಿಸಿಕೊಳ್ಳುತ್ತದೆ. ಪಕ್ಕೆಲುಬುಗಳಿಲ್ಲದ್ದರಿಂದ ಉಬ್ಬುವುದಕ್ಕೆ ಅಡ್ಡಿಯಿಲ್ಲ. ಚರ್ಮ ಬಿಗಿದಾಗ ಮಲಗಿದ್ದ ಮುಳ್ಳುಗಳೆಲ್ಲ ಎದ್ದು ನಿಲ್ಲುತ್ತವೆ.

1832ರಲ್ಲಿ ಬ್ರೆಜಿಲಿನ ಬಹಿಯಾದಲ್ಲಿ ಚಾರ್ಲ್ಸ್ ಡಾರ್ವಿನ್ ಇಂಥದೊಂದನ್ನು ಹತ್ತಿರದಿಂದ ನೋಡಿದ್ದ. ಉಬ್ಬಿಕೊಂಡ ಮೀನು ಹೊಟ್ಟೆ ಮೇಲಾಗಿ ತೇಲುವುದು, ಆ ಸ್ಥಿತಿಯಲ್ಲೇ ಈಜುವುದು, ಬಾಯಿಂದ ನೀರು ಚಿಮ್ಮಿಸುವುದು ಎಲ್ಲವನ್ನೂ ಬರೆದಿಟ್ಟ. ಅದರ ಹೊಟ್ಟೆಯ ಚರ್ಮದಿಂದ ಒಸರಿದ ಕಡುಗೆಂಪು ವಸ್ತು ಕಾಗದಕ್ಕೂ ದಂತಕ್ಕೂ ಅಳಿಸಲಾಗದಂತೆ ಅಂಟಿಕೊಂಡಿತಂತೆ. ಶಾರ್ಕ್ ನುಂಗಿದ ಡಯೋಡಾನ್ ಅದರ ಪಕ್ಕೆಯನ್ನೇ ಕಡಿದು ಹೊರಬಂದ ಕಥೆಯನ್ನೂ ಒಬ್ಬ ವೈದ್ಯನ ಮಾತಿನ ಮೇಲೆ ಡಾರ್ವಿನ್ ದಾಖಲಿಸಿದ್ದಾನೆ. ಚಿಪ್ಪು ಪುಡಿಮಾಡುವ ಗಿಣಿಕೊಕ್ಕಿನಂಥ ಹಲ್ಲನ್ನು ನೋಡಿದವರಿಗೆ ಈ ಕಥೆ ಪೂರ್ತಿ ಸುಳ್ಳೆನಿಸುವುದಿಲ್ಲ.

ಬೇರೆ ಮೀನುಗಳು ಒಣಗಿದರೆ ಮುದುಡಿ ಕರುವಾಡಾಗುತ್ತವೆ. ಇದು ಹಾಗಲ್ಲ. ಉಬ್ಬಿಸಿ ಒಣಗಿಸಿದರೆ ಚರ್ಮ ಗಟ್ಟಿಯಾಗಿ ಅದೇ ಆಕಾರದಲ್ಲಿ ನಿಂತುಬಿಡುತ್ತದೆ. ಒಳಗೆ ಟೊಳ್ಳು, ತೂಕ ಏನೂ ಇಲ್ಲ. ಇಂಥ ವಸ್ತುವನ್ನು ಕಂಡರೆ ಯಾರಿಗಾದರೂ ನೇತುಹಾಕುವ ಚಪಲ ಹುಟ್ಟುತ್ತದೆ. ಯುರೋಪಿನವರಿಗಂತೂ ಇದು ಹಳೆಯ ಚಾಳಿ. ಷೇಕ್ಸ್‌ಪಿಯರ್‌ನ ರೋಮಿಯೋ ವಿಷ ಕೊಳ್ಳಲು ಹೋಗುವ ಬಡ ಔಷಧಿ ವ್ಯಾಪಾರಿಯ ಅಂಗಡಿಯಲ್ಲಿ ಆಮೆ ಮತ್ತು ಹೊಟ್ಟು ತುಂಬಿದ ಮೊಸಳೆಯ ಜೊತೆ ವಿಕಾರ ಮೀನುಗಳ ಚರ್ಮವೂ ತೂಗುತ್ತಿರುತ್ತದೆ. ಕೋಪನ್‌ಹೇಗನ್ನಿನ ವೈದ್ಯ ಓಲೆ ವರ್ಮ್ ಸಂಗ್ರಹಿಸಿದ್ದ ವಿಚಿತ್ರ ವಸ್ತುಗಳ ಪುಸ್ತಕ 1655ರಲ್ಲಿ ಅಚ್ಚಾಯಿತು. ಅದರ ಮುಖಚಿತ್ರದಲ್ಲೂ ಸೂರಿನ ತುಂಬ ಒಣಮೀನುಗಳು. ದೂರದೇಶದ ಸಂಪರ್ಕ ತನಗಿದೆ ಎಂದು ಬಂದವರಿಗೆ ತಿಳಿಸಲು ಆ ಕಾಲದ ಯಜಮಾನ ತಲೆಯ ಮೇಲೆ ಮೀನು ಕಟ್ಟುತ್ತಿದ್ದ. ಮುನ್ನೂರು ವರ್ಷಗಳ ನಂತರ ಕ್ಯಾಲಿಫೋರ್ನಿಯಾದ ಬಾರ್ ಮಾಲೀಕ ಮಾಡಿದ್ದೂ ಅದನ್ನೇ.

ಒಳಗೆ ದೀಪ ಇಡುವ ಪದ್ಧತಿಯನ್ನು ನೋಡಬೇಕಾದರೆ ಜಪಾನಿಗೆ ಹೋಗಬೇಕು. ಅಲ್ಲಿ ಪಫರ್ ಮೀನು ಎಂದರೆ ಫುಗು, ಜೀವಕ್ಕೆ ಎರವಾಗಬಲ್ಲ ಭಕ್ಷ್ಯ. ಹದಿನಾರನೆಯ ಶತಮಾನದ ಕೊನೆಗೆ ದೊರೆ ಹಿದೆಯೋಷಿ, ಕೊರಿಯಾ ಯುದ್ಧಕ್ಕೆ ಹೊರಟ ತನ್ನ ಸೈನಿಕರು ಇದನ್ನು ತಿಂದು ಸಾಯುತ್ತಿದ್ದಾರೆಂದು ಫುಗುವನ್ನೇ ನಿಷೇಧಿಸಿದ. 1888ರಲ್ಲಿ ಪ್ರಧಾನಿ ಇತೋ ಹಿರೋಬುಮಿ ಶಿಮೊನೊಸೆಕಿ ಊರಿನ ಭೋಜನಗೃಹವೊಂದರಲ್ಲಿ ಇದರ ರುಚಿ ನೋಡಿ ಮೆಚ್ಚಿದ ಮೇಲೆ ಆ ಸೀಮೆಯ ಮಟ್ಟಿಗೆ ನಿಷೇಧ ಸಡಿಲವಾಯಿತು. ಅಂದಿನಿಂದ ಶಿಮೊನೊಸೆಕಿ ಫುಗುವಿನ ರಾಜಧಾನಿ. ಮಾಂಸ ಊಟದ ಮೇಜಿಗೆ ಹೋದರೆ, ಉಬ್ಬಿಸಿ ಒಣಗಿಸಿದ ಮೀನು ಲಾಟೀನಾಗಿ ಅಂಗಡಿ ಸೇರಿತು. ‘ಫುಗು ಚೋಚಿನ್’ ಎಂಬ ಈ ಲಾಟೀನು ಇಂದಿಗೂ ಅಲ್ಲಿಗೆ ಬಂದ ಪ್ರವಾಸಿಗರು ಕೊಂಡೊಯ್ಯುವ ನೆನಪಿನ ವಸ್ತು.

ಪೆಸಿಫಿಕ್ ದ್ವೀಪದವರ ಉಪಯೋಗ ಎಂದೆವಲ್ಲ, ಅದು ಶಿರಸ್ತ್ರಾಣ. ಇಂದಿನ ಕಿರಿಬಾಸ್, ಅಂದಿನ ಗಿಲ್ಬರ್ಟ್ ದ್ವೀಪಗಳಲ್ಲಿ ಕಬ್ಬಿಣವಿಲ್ಲ. ಹೆಚ್ಚಾಗಿ ಇರುವುದು ತೆಂಗು, ಕೇದಿಗೆಯ ಜಾತಿಯ ಗಿಡ, ಮೀನು. ಅಷ್ಟರಲ್ಲೇ ಅಲ್ಲಿನವರು ಪೂರ್ತಿ ಯುದ್ಧಸಜ್ಜು ಕಟ್ಟಿಕೊಂಡರು. ತೆಂಗಿನ ನಾರನ್ನು ಹುರಿಮಾಡಿ ಹೆಣೆದ ದಪ್ಪ ಕವಚ. ಅದಕ್ಕೆ ಹಿಂದಿನಿಂದ ಬೀಳುವ ಕಲ್ಲೇಟು ತಡೆಯಲು ತಲೆಗಿಂತ ಎತ್ತರದ ಬೆನ್ನುಹಲಗೆ. ಮರದ ಕೋಲಿನ ಅಂಚಿಗೆ ಸಾಲಾಗಿ ಶಾರ್ಕ್ ಹಲ್ಲು ಕಟ್ಟಿದರೆ ಕತ್ತಿ. ತಲೆಗೆ ಮುಳ್ಳುಹಂದಿ ಮೀನು. ಉಬ್ಬಿಕೊಂಡಿರುವಾಗಲೇ ಹಿಡಿದ ಮೀನನ್ನು ಮರಳಿನಲ್ಲಿ ಹೂತಿಟ್ಟು, ಚರ್ಮ ಗಟ್ಟಿಯಾದ ಮೇಲೆ ಕೊಯ್ದು, ಒಳಗೆ ನಾರಿನ ಟೋಪಿ ಇಟ್ಟು ತೊಡುತ್ತಿದ್ದರು. ಅದು ಏಟನ್ನು ತಡೆದದ್ದಕ್ಕಿಂತ ಎದುರಾಳಿಯ ಎದೆ ನಡುಗಿಸಿದ್ದೇ ಹೆಚ್ಚಿರಬೇಕು. ಈ ಸಜ್ಜು ತೊಟ್ಟವನಿಗೆ ಬಗ್ಗುವುದೂ ಕಷ್ಟ. ನೆಲದ ಜಗಳ, ಮಾನದ ಜಗಳಗಳನ್ನು ಇತ್ಯರ್ಥಗೊಳಿಸುವ ಕಾಳಗಕ್ಕೆ ಅವನು ಸಹಾಯಕರನ್ನು ಕಟ್ಟಿಕೊಂಡೇ ಇಳಿಯುತ್ತಿದ್ದ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲೂ ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಂನಲ್ಲೂ ಇಂಥ ಶಿರಸ್ತ್ರಾಣಗಳಿವೆ.

ಟಿಕಿ ಬಾರಿನ ಕಥೆ ಶುರುವಾಗುವುದು ಇದ್ಯಾವುದರ ಪರಿಚಯವೂ ಇಲ್ಲದ ಜಾಗದಲ್ಲಿ. 1933, ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ. ಹದಿಮೂರು ವರ್ಷಗಳ ಪಾನನಿಷೇಧ ಆ ಡಿಸೆಂಬರಿನಲ್ಲಿ ಕೊನೆಗೊಂಡಿತು. ಹಡಗು ಹತ್ತಿ ಊರೂರು ಅಲೆದು ಬಂದಿದ್ದ ಅರ್ನೆಸ್ಟ್ ಗ್ಯಾಂಟ್ ಎಂಬ ಯುವಕ ಹಾಲಿವುಡ್ಡಿನಲ್ಲಿ ‘ಡಾನ್ಸ್ ಬೀಚ್‌ಕೋಂಬರ್’ ಹೆಸರಿನ ಪುಟ್ಟ ಬಾರ್ ತೆರೆದ. ಕೈಯಲ್ಲಿ ಹಣವಿರಲಿಲ್ಲ, ಹಾಳುಮೂಳು ಸಾಮಾನು ಬೇಕಾದಷ್ಟಿತ್ತು. ಹಳೆಯ ಬಲೆ, ಹಡಗಿನ ಮುರುಕು, ದಡಕ್ಕೆ ತೇಲಿಬಂದ ಗಾಜಿನ ಗುಂಡುಗಳನ್ನೇ ಕಟ್ಟಿ ದ್ವೀಪವೊಂದನ್ನು ಸೃಷ್ಟಿಸಿದ. ದಕ್ಷಿಣ ಸಮುದ್ರದ ಸಿನಿಮಾಗಳಿಗೆ ಸಾಮಾನು ಒದಗಿಸುತ್ತಿದ್ದವನಿಗೆ ಇದು ಹೊಸ ವಿದ್ಯೆಯೇನಲ್ಲ. ತಗಡಿನ ಮಾಡಿನ ಮೇಲೆ ಪೈಪಿನಿಂದ ನೀರು ಬಿಟ್ಟು ಮಳೆ ಬರಿಸುತ್ತಿದ್ದ ಎಂಬುದು ಹೆಸರಾಂತ ಕಥೆ: ಹೊರಗೆ ಮಳೆ ಎಂದುಕೊಂಡ ಗಿರಾಕಿ ಇನ್ನೊಂದು ಗ್ಲಾಸ್ ರಮ್ ಹೇಳುತ್ತಿದ್ದ. ಮುಂದೆ ಅವನು ತನ್ನ ಹೆಸರನ್ನೇ ಡಾನ್ ಬೀಚ್ ಎಂದು ಬದಲಿಸಿಕೊಂಡ. ಓಕ್‌ಲ್ಯಾಂಡಿನ ವಿಕ್ಟರ್ ಬರ್ಜರಾನ್ ಇದನ್ನು ನೋಡಿ ಕಲಿತು, 1934ರಲ್ಲಿ ತೆರೆದಿದ್ದ ತನ್ನ ಸಾಧಾರಣ ಹೋಟೆಲನ್ನು ‘ಟ್ರೇಡರ್ ವಿಕ್ಸ್’ ಮಾಡಿಕೊಂಡ.

ಇಬ್ಬರಿಗೂ ಗೊತ್ತಿದ್ದ ಗುಟ್ಟು ಒಂದೇ. ಹೊರಗಿನ ರಸ್ತೆ ಕಂಡರೆ ದ್ವೀಪ ಮುಳುಗುತ್ತದೆ. ಹಾಗಾಗಿ ಕಿಟಕಿ ಮುಚ್ಚಬೇಕು, ಬೆಳಕನ್ನು ತಗ್ಗಿಸಬೇಕು. ಆದರೆ ಬರಿಯ ಬಲ್ಬು ಕಂಡರೂ ಮೋಡಿ ಮುರಿಯುತ್ತದೆ. ಬಲ್ಬನ್ನು ಬಚ್ಚಿಡಲು ಬಿದಿರಿನ ಮೀನುಬುಟ್ಟಿ, ಗಾಜಿನ ಗುಂಡು, ಕಪ್ಪೆಚಿಪ್ಪು ಎಲ್ಲವೂ ಬಳಕೆಗೆ ಬಂದವು. ಮುಳ್ಳುಮೀನಿಗೆ ಇವುಗಳಿಗಿಲ್ಲದ ಒಂದು ಗುಣವಿತ್ತು: ಮುಖ.

ಇಂಥ ಅಲಂಕಾರಕ್ಕೆ ಮನೆಮನೆಯ ಬೇಡಿಕೆ ತಂದದ್ದು ಎರಡನೆಯ ಮಹಾಯುದ್ಧ. ಪೆಸಿಫಿಕ್‌ನಲ್ಲಿ ಕಾದಾಡಿದ ಲಕ್ಷಾಂತರ ಸೈನಿಕರು ಊರಿಗೆ ಮರಳಿ, ಹೊಸ ಬಡಾವಣೆಗಳಲ್ಲಿ ಮನೆ ಮಾಡಿ, ಗ್ಯಾರೇಜಿನ ಮೂಲೆಯಲ್ಲಿ ಬಾರ್ ಕಟ್ಟಿಕೊಂಡರು. ಅವರು ಕಂಡ ದ್ವೀಪಗಳಲ್ಲಿ ರಕ್ತ ಹರಿದಿತ್ತು. 1943ರ ನವೆಂಬರಿನಲ್ಲಿ ತರಾವಾ ಎಂಬಲ್ಲಿ ಮೂರೇ ದಿನದ ಕಾಳಗಕ್ಕೆ ಸುಮಾರು ಸಾವಿರ ಅಮೆರಿಕನ್ನರು ಬಲಿಯಾದರು. ಆ ತರಾವಾ ಇರುವುದು ಗಿಲ್ಬರ್ಟ್ ದ್ವೀಪಗಳಲ್ಲೇ, ಮೀನಿನ ಶಿರಸ್ತ್ರಾಣದ ನಾಡಿನಲ್ಲಿ. ಆದರೆ ಮನೆಯ ಬಾರಿಗೆ ಬೇಕಾದದ್ದು ಆ ನೆನಪಲ್ಲ. 1947ರಲ್ಲಿ ಬಂದ ಜೇಮ್ಸ್ ಮಿಷನರ್‌ನ ಕಥೆಗಳು, ಅವನ್ನಾಧರಿಸಿ 1949ರಲ್ಲಿ ರಂಗಕ್ಕೇರಿದ ‘ಸೌತ್ ಪೆಸಿಫಿಕ್’ ಸಂಗೀತನಾಟಕ, 1959ರಲ್ಲಿ ಹವಾಯಿಗೆ ಸಿಕ್ಕ ರಾಜ್ಯದ ಸ್ಥಾನ, ಇವೆಲ್ಲ ಸೇರಿ ದ್ವೀಪವೆಂದರೆ ರಜೆ ಎಂಬ ಅರ್ಥ ಕೊಟ್ಟವು. ಅದೇ ವರ್ಷಗಳಲ್ಲಿ, 1946ರಿಂದ 1958ರವರೆಗೆ, ಮಾರ್ಷಲ್ ದ್ವೀಪಗಳಲ್ಲಿ ಅಮೆರಿಕ 67 ಅಣುಸ್ಫೋಟ ನಡೆಸಿತು. ಅಲ್ಲಿನ ಬಿಕಿನಿ ದ್ವೀಪದ ಜನ ಮನೆಮಠ ಬಿಟ್ಟು ಹೊರಟರು. ಆ ಸುದ್ದಿ ಬಿದಿರಿನ ಗೋಡೆ ದಾಟಿ ಒಳಗೆ ಬರಲಿಲ್ಲ.

ಸಾಮಾನು ಒದಗಿಸುವವರೂ ಹುಟ್ಟಿಕೊಂಡರು. ಲೆರಾಯ್ ಶ್ಮಾಲ್ಟ್ಸ್ ಮತ್ತು ಬಾಬ್ ವ್ಯಾನ್ ಊಸ್ಟಿಂಗ್ 1956ರಲ್ಲಿ ಶುರುಮಾಡಿದ ‘ಓಶಿಯಾನಿಕ್ ಆರ್ಟ್ಸ್’ ಕ್ಯಾಲಿಫೋರ್ನಿಯಾದ ವಿಟಿಯರ್‌ನಲ್ಲಿ ಉಗ್ರಾಣವನ್ನೇ ತೆರೆದು ಬಾರುಗಳಿಗೂ ಸಿನಿಮಾದವರಿಗೂ ಮನೆಯವರಿಗೂ ವಿಗ್ರಹ, ಬಿದಿರು, ಚಾಪೆ, ದೀಪ ಮಾರಿತು.

ಮನೆಯಲ್ಲೇ ದೀಪ ಮಾಡಿಕೊಳ್ಳುವವರು ಸಾಮಾನ್ಯವಾಗಿ ಒಣಗಿದ ಮೀನನ್ನೇ ಕೊಳ್ಳುತ್ತಾರೆ. ಹಸಿ ಮೀನಿನಿಂದ ಶುರುಮಾಡುವುದು ಗಟ್ಟಿ ಮೂಗಿನವರ ಕೆಲಸ: ಸಣ್ಣ ಸೀಳು ಹಾಕಿ ಒಳಗಿನದನ್ನೆಲ್ಲ ತೆಗೆದು, ಉಪ್ಪು ಸವರಿ, ಬಲೂನು ತೂರಿಸಿ ಊದಿ, ಮುಳ್ಳು ನೆಟ್ಟಗೆ ನಿಲ್ಲುವಂತೆ ಒಣಗಿಸಬೇಕು. ಪಫರ್ ಜಾತಿಯ ಯಕೃತ್ತು ಮತ್ತು ಅಂಡಾಶಯದಲ್ಲಿ ಟೆಟ್ರೋಡೋಟಾಕ್ಸಿನ್ ಎಂಬ ವಿಷವಿರುತ್ತದೆ, ಹಲವು ಜಾತಿಗಳಲ್ಲಿ ಚರ್ಮದಲ್ಲೂ. ಬರಿಗೈಯಲ್ಲಿ ಈ ಕೆಲಸಕ್ಕೆ ಕೂರುವಂತಿಲ್ಲ.

ಒಣಗಿದ ಮೀನಾದರೆ ಕೆಲಸ ಅರ್ಧ ದಿನದ್ದು. ಹೊಟ್ಟೆಯ ತಳದಲ್ಲಿ ಹೋಲ್ಡರ್ ಹಿಡಿಸುವಷ್ಟು ಅಗಲಕ್ಕೆ ದುಂಡಗೆ ಕೊಯ್ಯಬೇಕು. ಚರ್ಮ ಹಪ್ಪಳದಂತೆ ಸಿಡಿಯುವುದರಿಂದ ಆ ಜಾಗವನ್ನು ಮೊದಲು ಒದ್ದೆ ಬಟ್ಟೆಯಿಂದ ಮೆದು ಮಾಡಿಕೊಳ್ಳುವುದು ಲೇಸು. ಬೆನ್ನಿನಲ್ಲಿ ಎರಡು ರಂಧ್ರ ಕೊರೆದು ಗಾಳದ ನೈಲಾನ್ ದಾರ ಪೋಣಿಸಿದರೆ ಮೀನು ಮುಗ್ಗರಿಸದೆ ಮಟ್ಟವಾಗಿ ತೂಗುತ್ತದೆ. ಮೇಲೊಂದು ಕೈ ವಾರ್ನಿಷ್. ಇನ್ನು ಬಲ್ಬು. ಹಿಂದೆ ಝೀರೋ ಬಲ್ಬಿಗಿಂತ ದೊಡ್ಡದು ಹಾಕಿದವರು ಪಶ್ಚಾತ್ತಾಪ ಪಟ್ಟಿದ್ದಾರೆ: ತಂತಿಯ ಬಲ್ಬಿನ ಶಾಖಕ್ಕೆ ಚರ್ಮ ಸುಕ್ಕಾಗಿ ಕಂದುತ್ತಿತ್ತು, ಬಾರಿನಲ್ಲೆಲ್ಲ ಸುಟ್ಟ ಮೀನಿನ ವಾಸನೆ. ಎಲ್‌ಇಡಿ ಬಂದ ಮೇಲೆ ಆ ಕಾಟ ತಪ್ಪಿದೆ. ಮಳೆಗಾಲದ ತೇವಕ್ಕೆ ಮಾತ್ರ ಹಳೆಯ ಮೀನು ತನ್ನ ಪೂರ್ವಾಶ್ರಮವನ್ನು ನೆನಪಿಸಿಕೊಂಡು ನಾರುವುದುಂಟು.

ಎಪ್ಪತ್ತರ ದಶಕಕ್ಕೆ ಟಿಕಿ ಹಳಸಲಾಯಿತು. ವಿಯೆಟ್ನಾಂ ಯುದ್ಧ ನೋಡಿ ಬೆಳೆದ ಮಕ್ಕಳಿಗೆ ಅಪ್ಪಂದಿರ ಹುಲ್ಲಿನ ಗುಡಿಸಲು ಹಾಸ್ಯಾಸ್ಪದವಾಗಿ ಕಂಡಿತು. ಒಹಾಯೋದ ಕೊಲಂಬಸ್‌ನಲ್ಲಿ 1961ರಲ್ಲಿ ತೆರೆದಿದ್ದ ‘ಕಹಿಕಿ’ ಎಂಬ ದೈತ್ಯ ರೆಸ್ಟೊರೆಂಟ್ 1997ರಲ್ಲಿ ರಾಷ್ಟ್ರೀಯ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿತು. ಮೂರೇ ವರ್ಷಕ್ಕೆ ನೆಲಸಮವಾಗಿ ಅಲ್ಲೊಂದು ಔಷಧಿ ಅಂಗಡಿ ಎದ್ದಿತು. ಅದೇ 2000ದಲ್ಲಿ ಸ್ವೆನ್ ಕಿರ್ಸ್ಟೆನ್ ಬರೆದ ‘ದ ಬುಕ್ ಆಫ್ ಟಿಕಿ’ ಪ್ರಕಟವಾಗಿ, ಹಳೆಯ ಬಾರುಗಳನ್ನು ಹುಡುಕಿಕೊಂಡು ಹೋಗುವ ಹೊಸ ಪೀಳಿಗೆಯೊಂದು ತಯಾರಾಯಿತು. ಅಟ್ಟದ ಮೇಲಿನ ಮೀನುಗಳು ಮತ್ತೆ ಕೆಳಗಿಳಿದವು.

ಈ ಸಲ ಪ್ರಶ್ನೆ ಕೇಳುವವರೂ ಇದ್ದಾರೆ. ಟಿಕಿ ಎಂಬುದು ಮಾವೊರಿಗಳ ಪುರಾಣದಲ್ಲಿ ಮೊದಲ ಮನುಷ್ಯ; ಅವನನ್ನು ರಮ್ ಕುಡಿಯುವ ಮಗ್ ಮಾಡಿದ್ದರ ಬಗ್ಗೆ ಪೆಸಿಫಿಕ್ ಮೂಲದ ಬರಹಗಾರರು, ಕಲಾವಿದರು ಬಹಿರಂಗವಾಗಿಯೇ ಆಕ್ಷೇಪಿಸಿದ್ದಾರೆ. ಮುಳ್ಳುಮೀನು ಈ ತಕರಾರಿನಿಂದ ಬಹುಪಾಲು ಪಾರಾಗಿದೆ, ಯಾರ ದೇವರೂ ಅಲ್ಲವಾದ್ದರಿಂದ. ಅದರ ಮೇಲಿನ ಆಕ್ಷೇಪ ಬೇರೆ, ಅಲಂಕಾರಕ್ಕಾಗಿ ಮೀನು ಕೊಲ್ಲಬೇಕೆ ಎಂಬುದು. ಆ ಮುಜುಗರ ಇರುವವರು ರಾಳದಲ್ಲಿ ಎರಕ ಹೊಯ್ದ, ಕಾಗದದ ರೊಟ್ಟಿನಲ್ಲಿ ಮಾಡಿದ ಮೀನುಗಳನ್ನು ತೂಗುಹಾಕುತ್ತಾರೆ. ಹಳಬರು ಅದನ್ನು ಒಪ್ಪುವುದಿಲ್ಲ. ಧೂಳು ಹೊಡೆಯುವಾಗ ಬೆರಳಿಗೆ ಮುಳ್ಳು ಚುಚ್ಚದಿದ್ದರೆ ಅದೆಂಥ ದೀಪ ಎನ್ನುತ್ತಾರೆ. ಆದರೆ ಓಶಿಯಾನಿಕ್ ಆರ್ಟ್ಸ್ 2021ರಲ್ಲಿ, ಅರವತ್ತೈದು ವರ್ಷಗಳ ವ್ಯಾಪಾರ ಮುಗಿಸಿ ಬಾಗಿಲು ಹಾಕಿತು. ಈಗ ಒಣಮೀನು ಬೇಕಾದವರು ಫ್ಲಾರಿಡಾದ ಕಪ್ಪೆಚಿಪ್ಪಿನ ಅಂಗಡಿಗಳಲ್ಲಿ ವಿಚಾರಿಸುತ್ತಾರೆ, ಇಲ್ಲವೇ ಯಾವುದಾದರೂ ಹಳೆಯ ಬಾರ್ ಮುಚ್ಚಿ ಸಾಮಾನು ಹರಾಜಿಗೆ ಬರುವುದನ್ನು ಕಾಯುತ್ತಾರೆ.